ಕಸದ ಬಕೆಟ್ ಗೇಟಿನ ಹೊರಗೆ ಇಡಬಹುದಾ?

ಓದುಗರ ಪ್ರಶ್ನೆ: ಕೊಡಗಿನ ಮೂರ್ನಾಡು ಕಡೆ ನಮ್ಮದು ಮೂರು ಎಕರೆ ಕಾಫಿ ತೋಟ, ತೋಟದೊಳಗೇ ಮನೆ. ಹೋದ ವರ್ಷದಿಂದ ಎರಡು ಕೋಣೆ ಹೋಮ್‌ಸ್ಟೇಗೆ ಕೊಡುತ್ತಿದ್ದೇವೆ. ಪಂಚಾಯಿತಿಯ ಕಸದ ಗಾಡಿ ವಾರಕ್ಕೆ ಎರಡು ಸಲ ಬರುತ್ತದೆ. ಮನೆಯಿಂದ ರಸ್ತೆಗೆ ದೂರ ಆಗುವುದರಿಂದ ಎರಡು ಬಕೆಟ್‌ಗಳನ್ನು ಗೇಟಿನ ಹೊರಗೇ ಇಟ್ಟಿದ್ದೇವೆ. ನಾಯಿಗಳು, ಮಂಗಗಳು ಬೀಳಿಸಿ ರಸ್ತೆ ತುಂಬ ಹರಡುತ್ತವೆ. ಪಕ್ಕದ ತೋಟದವರು ಜಗಳಕ್ಕೆ ಬಂದರು. ಹೊರಗೆ ಇಡುವುದೇ ತಪ್ಪು ಅಂತಾರೆ, ನಿಜವಾ ಮೇಡಂ? ಎಷ್ಟು ಬಕೆಟ್ ಬೇಕು, ಎಲ್ಲಿ ಇಡಬೇಕು? ನಮ್ಮದೇ ಜಾಗ ಇದೆ, ಗುಂಡಿ ತೋಡಿ ಎಲ್ಲ ಹೂತುಬಿಟ್ಟರೆ ಆಗಲ್ವಾ?

ಉತ್ತರ: ಪಕ್ಕದವರ ಮೇಲೆ ಕೋಪ ಮಾಡಿಕೊಳ್ಳಬೇಡಿ, ಅವರು ಹೇಳಿದ್ದು ಸರಿ. ಗೇಟಿನ ಹೊರಗಿನ ಜಾಗ ನಿಮ್ಮದಲ್ಲ. ಕಸ ಗಾಡಿಯವರ ಕೈಗೆ ಹೋಗುವ ತನಕ ಅದು ನಿಮ್ಮ ಕಸ. ಅಲ್ಲಿಯವರೆಗೆ ಅದು ನಿಮ್ಮ ಬೇಲಿಯ ಒಳಗೇ ಇರಬೇಕು. ಗೇಟಿನಿಂದ ಎಷ್ಟು ಅಡಿ ಒಳಗೆ, ಯಾವ ಅಳತೆಯ ಬಕೆಟ್ ಅಂತೆಲ್ಲ ದೇಶದ ನಿಯಮ ಹೇಳುವುದಿಲ್ಲ. ಬೇರೆ ಬೇರೆ ಮಾಡಿ ಇಟ್ಟುಕೊಳ್ಳಿ, ಸಂಗ್ರಹಿಸುವವರ ಕೈಗೆ ಕೊಡಿ, ರಸ್ತೆಗೆ, ಚರಂಡಿಗೆ, ನೀರಿಗೆ ಹಾಕಬೇಡಿ ಎನ್ನುತ್ತದೆ. ಗಾಡಿಯ ದಿನ, ಶುಲ್ಕ, ದಂಡ ಇವೆಲ್ಲ ನಿಮ್ಮ ಪಂಚಾಯಿತಿಯ ಉಪನಿಯಮದಲ್ಲಿ ಇರುತ್ತವೆ. ಪಿಡಿಒ ಅವರನ್ನು ಕೇಳಿದರೆ ತೋರಿಸುತ್ತಾರೆ. ಒಮ್ಮೆ ಓದಿಬಿಡಿ, ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಎಷ್ಟು ಬಕೆಟ್ ಅನ್ನುವುದಕ್ಕೆ ಸ್ವಲ್ಪ ಹಿಂದಿನಿಂದ ಹೇಳಬೇಕು. 2016ರ ಏಪ್ರಿಲ್‌ನಲ್ಲಿ ಬಂದ ಘನತ್ಯಾಜ್ಯ ನಿರ್ವಹಣಾ ನಿಯಮ ಮನೆಯಲ್ಲೇ ಮೂರು ಪಾಲು ಮಾಡಿ ಅಂತ ಹೇಳಿತು: ಹಸಿ ಕಸ, ಒಣ ಕಸ, ಮನೆಯ ಅಪಾಯಕಾರಿ ಕಸ. ಆ ನಿಯಮ ಬಂದದ್ದು ಹೆಚ್ಚಾಗಿ ಪಟ್ಟಣಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು. ಅದಕ್ಕೇ ನಮ್ಮ ಹಳ್ಳಿಗಳಲ್ಲಿ ಬಹಳ ಜನ ಇದು ಮಡಿಕೇರಿ, ವಿರಾಜಪೇಟೆಯವರಿಗೆ ಮಾತ್ರ ಅಂದುಕೊಂಡರು. ಪ್ಲಾಸ್ಟಿಕ್ ವಿಷಯದಲ್ಲಿ ಆಗಲೂ ಅದು ತಪ್ಪು ತಿಳಿವಳಿಕೆ. ಅದೇ ವರ್ಷದ ಪ್ಲಾಸ್ಟಿಕ್ ತ್ಯಾಜ್ಯ ನಿಯಮ ಗ್ರಾಮ ಪಂಚಾಯಿತಿಗಳಿಗೂ ಅನ್ವಯಿಸುತ್ತಿತ್ತು. ಈಗ 2016ರ ಘನತ್ಯಾಜ್ಯ ನಿಯಮದ ಜಾಗಕ್ಕೆ 2026ರ ಹೊಸ ನಿಯಮ ಬಂದಿದೆ. 2026ರ ಏಪ್ರಿಲ್ 1 ಅದು ಜಾರಿಗೆ ಬರುವ ದಿನ. ಇದರಲ್ಲಿ ನಾಲ್ಕು ಪಾಲು: ಹಸಿ, ಒಣ, ಸ್ಯಾನಿಟರಿ, ಮತ್ತೆ ವಿಶೇಷ ಎಚ್ಚರ ಬೇಕಾದ ಕಸ. ಬಲ್ಬು, ಹಳೇ ಔಷಧಿ, ಪೇಂಟ್ ಡಬ್ಬ, ಪಾದರಸದ ಥರ್ಮಾಮೀಟರ್ ಇಂಥವು ಕೊನೆಯ ಪಾಲಿಗೆ ಸೇರುತ್ತವೆ.

ನಾಲ್ಕು ಅಂದ ತಕ್ಷಣ ಅಂಗಡಿಗೆ ಹೋಗಿ ನಾಲ್ಕು ಬಣ್ಣದ ಬಕೆಟ್ ತರಬೇಡಿ. ತೋಟದ ಮನೆಗೆ ಮುಚ್ಚಳ ಇರುವ ಒಂದು ಬಕೆಟ್, ಎರಡು ಗೋಣಿ ಚೀಲ, ಒಂದು ಸಣ್ಣ ಮುಚ್ಚಳದ ಡಬ್ಬ, ಒಂದು ಹಳೇ ರಟ್ಟಿನ ಪೆಟ್ಟಿಗೆ ಸಾಕು. ಹಸಿಗೆ ಹಸಿರು, ಒಣಗೆ ನೀಲಿ ಅನ್ನುವುದು ನಮ್ಮ ಊರುಗಳಲ್ಲಿ ರೂಢಿಯಾಗಿದೆ, ಒಳ್ಳೆಯದೇ. ಆದರೆ ಹಸಿರು ಬಕೆಟ್‌ನಲ್ಲಿ ಅನ್ನದ ಜೊತೆ ಹಾಲಿನ ಕವರ್ ಬಿದ್ದಿದ್ದರೆ ಬಣ್ಣದಿಂದ ಏನೂ ಪ್ರಯೋಜನ ಇಲ್ಲ.

ಈಗ ನಿಮ್ಮ ನಿಜವಾದ ತೊಂದರೆಗೆ ಬರುತ್ತೇನೆ. ನಿಮ್ಮ ಬಕೆಟ್ ಬೀಳಿಸುವುದು ಯಾರು? ನಾಯಿ, ಮಂಗ, ರಾತ್ರಿ ಹಂದಿ. ಅವು ಬರುವುದು ಪ್ಲಾಸ್ಟಿಕ್ ಹುಡುಕಿಕೊಂಡು ಅಲ್ಲ. ಮುಸುರೆಯ ವಾಸನೆಗೆ, ಮೀನಿನ ತಲೆಗೆ, ಹಂದಿ ಮಾಂಸದ (ಪಂದಿ ಕರಿ) ಮೂಳೆಗೆ, ಬಾಳೆಹಣ್ಣಿನ ಸಿಪ್ಪೆಗೆ. ಹಸಿ ಕಸ ಗೇಟಿನ ಹತ್ತಿರ ಹೋಗದೇ ಇದ್ದರೆ ಅವುಗಳಿಗೆ ಅಲ್ಲಿ ಕೆಲಸವೇ ಇಲ್ಲ. ಮೂರು ಎಕರೆ ತೋಟ ಇರುವ ಮನೆಯಿಂದ ಹಸಿ ಕಸ ಯಾಕೆ ಗಾಡಿ ಹತ್ತಬೇಕು ಹೇಳಿ? ಅದು ನಿಮ್ಮ ಮಣ್ಣಿನಿಂದ ಬಂದದ್ದು, ನಿಮ್ಮ ಮಣ್ಣಿಗೇ ಬೇಕಾದದ್ದು. ನಾನು ತರಬೇತಿಗೆ ಹೋದ ಪ್ರತಿ ಪಂಚಾಯಿತಿಯಲ್ಲೂ ಇದೊಂದನ್ನೇ ಮತ್ತೆ ಮತ್ತೆ ಹೇಳುತ್ತೇನೆ: ಹಸಿ ಕಸ ಗೇಟು ದಾಟಬಾರದು. ಅದು ನಿಂತರೆ ಉಳಿದದ್ದಕ್ಕೆ ವಾಸನೆ ಇಲ್ಲ, ಹುಳ ಇಲ್ಲ, ಅವಸರವೂ ಇಲ್ಲ. ಒಣ ಕಸವನ್ನು ಹದಿನೈದು ದಿನ ಇಟ್ಟರೂ ಏನೂ ಆಗಲ್ಲ.

ಹಸಿ ಕಸಕ್ಕೆ ಬಯಲುಸೀಮೆಯ ಉಪಾಯ ನಮ್ಮಲ್ಲಿ ನಡೆಯುವುದಿಲ್ಲ. ತೆರೆದ ಗುಂಡಿ ತೋಡಿ ಹಾಕುತ್ತಾ ಹೋದರೆ ಜೂನ್‌ನಲ್ಲಿ ಅದು ಕೆರೆ ಆಗುತ್ತದೆ. ನೀರು ನಿಂತ ಗುಂಡಿಗೆ ಗಾಳಿ ಹೋಗಲ್ಲ, ಗಾಳಿ ಇಲ್ಲದೆ ಕೊಳೆತರೆ ನಾರುತ್ತದೆ. ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯಲ್ಲಿ ಅಂತೂ ಆ ಗುಂಡಿಯ ಹತ್ತಿರ ಯಾರೂ ಹೋಗಲಾರರು. ಅದಕ್ಕೆ ನೆಲದ ಮೇಲೆ ಮಾಡಿ. ಇನ್ನೂರು ಲೀಟರ್ ಹಳೇ ಡ್ರಮ್ ಒಂದಕ್ಕೆ ಸುತ್ತ ಮತ್ತು ತಳದಲ್ಲಿ ಬೆರಳು ಗಾತ್ರದ ತೂತು ಕೊರೆಸಿ. ನಾಲ್ಕು ಇಟ್ಟಿಗೆಯ ಮೇಲೆ ನಿಲ್ಲಿಸಿ. ಮುಚ್ಚಳ ಇರಲಿ, ಮೇಲೆ ಶೀಟಿನ ನೆರಳು ಇರಲಿ. ಔಷಧಿ ಅಥವಾ ರಾಸಾಯನಿಕ ಇದ್ದ ಡ್ರಮ್ ಮಾತ್ರ ಬೇಡ. ಜಾಗ ಬಾವಿಯಿಂದ ದೂರ, ಇಳಿಜಾರಿನಲ್ಲಿ ಬಾವಿಗಿಂತ ಕೆಳಗೆ ಇರಬೇಕು. ನಾನು ಹದಿನೈದು ಮೀಟರ್ ದೂರ ಇಡಿಸುತ್ತೇನೆ.

ಒಂದು ಪಾಲು ಹಸಿ ಕಸ ಹಾಕಿದರೆ ಮೇಲೆ ಎರಡು ಪಾಲು ತರಗೆಲೆ ಮುಚ್ಚಬೇಕು. ಎಲ್ಲರೂ ಎಡವುವುದು ಇಲ್ಲೇ. ಬೇಸಿಗೆಯಲ್ಲಿ ತೋಟ ತುಂಬ ತರಗೆಲೆ, ಯಾರಿಗೂ ಬೇಡ. ಜುಲೈನಲ್ಲಿ ಹುಡುಕಿದರೂ ಒಣಗಿದ ಒಂದು ಹಿಡಿ ಸಿಗಲ್ಲ. ಮಳೆಗಾಲಕ್ಕೆ ಸೌದೆ ಕೂಡಿಡುತ್ತೀರಿ ಅಲ್ವಾ? ಹಾಗೇ ಫೆಬ್ರವರಿ, ಮಾರ್ಚ್‌ನಲ್ಲಿ ಹತ್ತು ಹನ್ನೆರಡು ಗೋಣಿ ತರಗೆಲೆ ತುಂಬಿ ಸೌದೆ ಕೊಟ್ಟಿಗೆಯಲ್ಲೇ ಇಟ್ಟುಬಿಡಿ. ಸಿಲ್ವರ್ ಓಕ್ ಎಲೆ ಗಟ್ಟಿ, ಬೇಗ ಕರಗಲ್ಲ. ಹಾಲುವಾಣದ ಎಲೆ ಚೆನ್ನಾಗಿ ಕರಗುತ್ತದೆ. ಕಾಫಿ ಹೊಟ್ಟು ಸಿಕ್ಕರೆ ಇನ್ನೂ ಒಳ್ಳೆಯದು. ಡ್ರಮ್‌ನಿಂದ ವಾಸನೆ ಬಂದರೆ ಒದ್ದೆ ಜಾಸ್ತಿ ಆಗಿದೆ ಅಂತ ಅರ್ಥ. ಇನ್ನೂ ಒಣ ಎಲೆ ಹಾಕಿ, ಕೋಲಿನಿಂದ ತಿರುವಿ. ಬೇರೆ ಪುಡಿ, ದ್ರಾವಣ ಏನೂ ಕೊಳ್ಳಬೇಕಿಲ್ಲ. ಹಿಡಿಯಷ್ಟು ಸಗಣಿ ಅಥವಾ ಹಳೇ ಗೊಬ್ಬರ ಸಾಕು.

ಮೂಳೆ ಡ್ರಮ್‌ಗೆ ಬೇಡ. ಎರಡು ಅಡಿ ಆಳಕ್ಕೆ ಯಾವುದಾದರೂ ಮರದ ಬುಡದಲ್ಲಿ ಹೂತು, ಮೇಲೆ ಒಂದು ಕಲ್ಲು ಇಡಿ, ನಾಯಿ ಕೆದಕಬಾರದು. ಮನೆಯ ಸುತ್ತ ಬೀದಿ ನಾಯಿ ಸೇರಿದರೆ ಅದರ ಹಿಂದೆ ಚಿರತೆ ಬರುವ ಭಯವೂ ಇದೆ. ಹಲಸಿನ ಸಿಪ್ಪೆಯ ವಿಷಯದಲ್ಲಿ ಇನ್ನೂ ಹುಷಾರಾಗಿರಿ. ಹಣ್ಣಿನ ಕಾಲದಲ್ಲಿ ತೋಟಕ್ಕೆ ಆನೆ ಇಳಿಯುವುದೇ ಹಲಸಿಗೆ. ಸಿಪ್ಪೆ, ತೊಳೆ ಉಳಿದದ್ದನ್ನು ಗೇಟಿನ ಬಳಿ, ಮನೆಯ ಹಿಂದೆ ರಾಶಿ ಹಾಕಬೇಡಿ. ಹಸು ಇದ್ದರೆ ಹಸುವಿಗೆ. ಇಲ್ಲದಿದ್ದರೆ ಮನೆಯಿಂದ, ಜನ ಓಡಾಡುವ ದಾರಿಯಿಂದ ದೂರದ ತೊಟ್ಟಿಲು ಗುಂಡಿಗೆ (ಕಾಫಿ ಗಿಡಗಳ ಸಾಲಿನ ನಡುವೆ ತೋಡುವ ಉದ್ದ ಗುಂಡಿ) ಹಾಕಿ, ಅದೇ ದಿನ ಮಣ್ಣು ಮುಚ್ಚಿ.

ಒಣ ಕಸಕ್ಕೆ ನನ್ನ ಬೇಡಿಕೆ ಒಂದೇ: ತೊಳೆದು ಒಣಗಿಸಿ ಇಡಿ. ಹಾಲಿನ ಕವರ್, ಮೊಸರಿನ ಕವರ್, ಎಣ್ಣೆ ಪ್ಯಾಕೆಟ್, ಎಲ್ಲ. ಪಾತ್ರೆ ತೊಳೆದ ಕೊನೆಯ ನೀರಿನಲ್ಲಿ ಒಮ್ಮೆ ಜಾಲಾಡಿಸಿದರೆ ಸಾಕು. ಮಳೆಗಾಲದಲ್ಲಿ ಬಟ್ಟೆಯೇ ಒಣಗಲ್ಲ, ಕವರ್ ಎಲ್ಲಿ ಒಣಗಿಸುವುದು ಅಂತ ಕೇಳುತ್ತೀರಿ. ಅಡುಗೆಮನೆ ಕಿಟಕಿಗೆ ಒಂದು ದಾರ ಕಟ್ಟಿ ಕ್ಲಿಪ್ ಹಾಕಿ. ಒಲೆಯ ನೇರ ಮೇಲೆ ಮಾತ್ರ ಬೇಡ. ಇನ್ನೊಂದು ಸಣ್ಣ ವಿಷಯ, ಹಾಲಿನ ಕವರ್‌ನ ಮೂಲೆ ಕತ್ತರಿಸುವಾಗ ಚೂರನ್ನು ಪೂರ್ತಿ ಬೇರೆ ಮಾಡಬೇಡಿ, ಅಂಟಿಕೊಂಡೇ ಇರಲಿ. ಆ ಬೆರಳುಗುರಿನಷ್ಟು ಚೂರನ್ನು ಯಾವ ವಿಂಗಡಣೆ ಮೇಜಿನ ಮೇಲೂ ಹೆಕ್ಕಲು ಆಗಲ್ಲ. ಅದು ಸೀದಾ ಮಣ್ಣಿಗೆ ಹೋಗುತ್ತದೆ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಗಾಡಿ ಹೋಗುವ ಜಾಗವನ್ನು ನಾನು ನೋಡಿದ್ದೇನೆ. ಈಗ ಪಂಚಾಯಿತಿಗಳಲ್ಲಿ ಸ್ವಚ್ಛ ಸಂಕೀರ್ಣ ಅಂತ ಒಣ ಕಸದ ಘಟಕ ಇರುತ್ತದೆ. ಎಷ್ಟೋ ಕಡೆ ಗಾಡಿ ಓಡಿಸುವವರು, ವಿಂಗಡಿಸುವವರು ಸಂಜೀವಿನಿ ಅನ್ನುವ ಸ್ವಸಹಾಯ ಸಂಘಗಳ ಒಕ್ಕೂಟದ ಹೆಣ್ಣುಮಕ್ಕಳು. ಚೀಲ ಸುರಿದು ಕೈಯಲ್ಲೇ ಬೇರೆ ಮಾಡುತ್ತಾರೆ. ಒಂದು ಕಡೆ ತರಬೇತಿಯ ದಿನವೇ ಒಬ್ಬರ ಅಂಗೈ ಬ್ಲೇಡಿನಿಂದ ಸೀಳಿತು. ಗ್ಲೌಸ್ ಹಾಕಿದ್ದರೂ ಸೀಳಿತು. ಆ ಬ್ಲೇಡನ್ನು ಯಾರೋ ಟೊಮೆಟೊ ಸಿಪ್ಪೆಯ ಜೊತೆ ಕವರ್‌ನಲ್ಲಿ ಗಂಟು ಹಾಕಿ ಎಸೆದಿದ್ದರು. ಎಸೆದವರು ಕೆಟ್ಟವರಲ್ಲ. ಇನ್ನೊಬ್ಬರ ಕೈ ಅದನ್ನು ಬಿಚ್ಚುತ್ತದೆ ಅನ್ನುವ ಯೋಚನೆ ಬಂದಿಲ್ಲ, ಅಷ್ಟೆ. ಅವತ್ತಿನಿಂದ ನಾನು ಕಸವನ್ನು ಗಂಟು ಹಾಕುವುದನ್ನೇ ಬಿಟ್ಟೆ. ಒಣ ಕಸದ ಚೀಲ ತೆರೆದೇ ಇರಲಿ, ಒಳಗೆ ಏನಿದೆ ಅಂತ ಕಾಣಬೇಕು.

ಬ್ಲೇಡು, ಒಡೆದ ಗಾಜು, ಒಡೆದ ಪಿಂಗಾಣಿ ರಟ್ಟಿನ ಪೆಟ್ಟಿಗೆಗೆ ಹೋಗಲಿ. ಮೇಲೆ ದಪ್ಪ ಅಕ್ಷರದಲ್ಲಿ ‘ಗಾಜು’ ಅಂತ ಬರೆಯಿರಿ. ಹೋಮ್‌ಸ್ಟೇ ಇರುವುದರಿಂದ ಬಾಟಲಿ ಜಾಸ್ತಿ ಬರುತ್ತದೆ. ಒಡೆಯದ ಬಾಟಲಿಗೆ ಬೇರೆಯೇ ಒಂದು ಗೋಣಿ ಇಡಿ. ಗುಜರಿಯವರು ತೆಗೆದುಕೊಂಡರೆ ಕೊಡಿ, ಇಲ್ಲದಿದ್ದರೆ ಗಾಡಿಗೆ. ಖಾಲಿ ಬಾಟಲಿ, ತೆಂಗಿನ ಚಿಪ್ಪು, ಹಳೇ ಟೈರ್ ಯಾವುದನ್ನೂ ಮಳೆಗೆ ಬಾಯಿ ತೆರೆದು ಇಡಬೇಡಿ. ಡೆಂಗಿ ಸೊಳ್ಳೆಗೆ ಒಂದು ಚಿಪ್ಪಿನ ನೀರು ಸಾಕು. ಸುಮಾರು ಎಂಟು ಹತ್ತು ದಿನದಲ್ಲಿ ಮೊಟ್ಟೆ ಸೊಳ್ಳೆಯಾಗಿ ಹಾರುತ್ತದೆ.

ಸ್ಯಾನಿಟರಿ ಪ್ಯಾಡ್, ಡೈಪರ್ ಮುಚ್ಚಳದ ಸಣ್ಣ ಡಬ್ಬಕ್ಕೆ. ಡೈಪರ್‌ನಲ್ಲಿ ಇರುವುದನ್ನು ಮೊದಲು ಟಾಯ್ಲೆಟ್‌ಗೆ ಹಾಕಿ. ಆಮೇಲೆ ಪೇಪರ್‌ನಲ್ಲಿ ಬಿಗಿಯಾಗಿ ಸುತ್ತಿ ಮೇಲೆ ಕೆಂಪು ಗುರುತು ಹಾಕಿ. ಗುರುತು ಇದ್ದರೆ ವಿಂಗಡಿಸುವವರು ಬಿಚ್ಚಿ ನೋಡಲ್ಲ. ಗಾಡಿ ಬಂದಾಗ ಪ್ರತ್ಯೇಕವಾಗಿಯೇ ಕೈಗೆ ಕೊಡಿ. ಇದನ್ನು ತೋಟದಲ್ಲಿ ಹೂಳುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ, ನಾಚಿಕೆಯಿಂದ. ಅದರ ಒಳಗೆ ಇರುವುದೂ ಪ್ಲಾಸ್ಟಿಕ್ಕೇ, ಕರಗಲ್ಲ. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಮನೆಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಇದ್ದರೆ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಹಾಕಿ ಮುಚ್ಚಳ ಬಿಗಿಯಿರಿ. ಟ್ಯೂಬ್‌ಲೈಟ್, ಸಿಎಫ್ಎಲ್ ಒಡೆಯಬೇಡಿ, ಒಳಗೆ ಪಾದರಸ ಇದೆ. ಹೊಸದು ತಂದ ರಟ್ಟಿನಲ್ಲೇ ಹಳೆಯದನ್ನು ತುರುಕಿ ಇಡಿ. ತೋಟದವರಿಗೆ ಮಾತ್ರ ಇರುವ ಒಂದು ಕಸ ಕೀಟನಾಶಕ, ಕಳೆನಾಶಕದ ಡಬ್ಬ. ಸಿಂಪಡಿಸುವ ದಿನವೇ ಮೂರು ಸಲ ನೀರು ಹಾಕಿ ಕುಲುಕಿ, ಆ ನೀರನ್ನು ಸ್ಪ್ರೇ ಡ್ರಮ್‌ಗೇ ಸುರಿಯಿರಿ. ಆಮೇಲೆ ಡಬ್ಬಕ್ಕೆ ತೂತು ಹಾಕಿ, ಯಾರೂ ಸೀಮೆಎಣ್ಣೆಗೋ ನೀರಿಗೋ ಬಳಸಬಾರದು. ತೋಡಿನಲ್ಲಿ, ಅಂದರೆ ಸಣ್ಣ ಹಳ್ಳದಲ್ಲಿ ತೊಳೆಯುವುದು ಬೇಡವೇ ಬೇಡ. ಬೀಗ ಇರುವ ಕಡೆ ಇಟ್ಟು, ಪಂಚಾಯಿತಿಯವರನ್ನು ಕೇಳಿ ಬೇರೆಯಾಗಿ ಕೊಡಿ.

ಈಗ ಹೂಳುವ ಪ್ರಶ್ನೆ. ಅಡುಗೆಮನೆಯ ಹಸಿ ಕಸ, ಎಲೆ, ಕಾಫಿ ಸಿಪ್ಪೆ ನಿಮ್ಮ ಮಣ್ಣಿಗೆ ಸೇರಿಸಬಹುದು, ಸೇರಿಸಬೇಕು. ಪ್ಲಾಸ್ಟಿಕ್ ಹೂಳಲೇಬೇಡಿ. ನಾನು ಇದನ್ನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮ ಮನೆಯ ಹಿಂದಿನ ಬರೆಯ, ಅಂದರೆ ಕಡಿದಾದ ಮಣ್ಣಿನ ದಿಣ್ಣೆಯ ಪಕ್ಕ ಗುಂಡಿ ತೋಡಿ ವರ್ಷಗಟ್ಟಲೆ ಕವರ್, ಗೊಬ್ಬರದ ಚೀಲ, ಹಳೇ ಚಪ್ಪಲಿ ಹಾಕಿದ್ದೆವು. ಮಣ್ಣು ಮುಚ್ಚಿ ಮರೆತೂ ಆಗಿತ್ತು. 2018ರ ಆಗಸ್ಟ್‌ನಲ್ಲಿ ಆ ಬರೆ ಜಾರಿತು. ದೇವರ ದಯೆ, ಮನೆಗೆ ಏನೂ ಆಗಲಿಲ್ಲ. ಆದರೆ ಕೆಳಗಿನ ಗದ್ದೆಗೆ ಮಣ್ಣಿನ ಜೊತೆ ನಮ್ಮ ಅಷ್ಟೂ ಕಸ ಇಳಿಯಿತು. ಹತ್ತು ವರ್ಷ ಹಳೆಯ ಬಿಸ್ಕೆಟ್ ಪ್ಯಾಕೆಟ್‌ನ ಬಣ್ಣ ಹಾಗೇ ಇತ್ತು. ಆ ಗದ್ದೆ ಇನ್ನೊಬ್ಬರದು. ಅವರು ಒಂದು ಮಾತು ಆಡಲಿಲ್ಲ, ನಮಗೆ ಅದೇ ಸಹಿಸಲು ಆಗಲಿಲ್ಲ. ಎರಡು ಬೇಸಿಗೆ ಹೆಕ್ಕಿದೆವು, ಈಗಲೂ ಉಳುವಾಗ ಚೂರು ಸಿಗುತ್ತದೆ. ಇಳಿಜಾರಿನ ನಾಡಿನಲ್ಲಿ ಹೂತದ್ದು ಅಲ್ಲೇ ಇರಲ್ಲ. ನಿಮ್ಮ ತೋಟದ ತೋಡಿನ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಮೂರ್ನಾಡಿನಿಂದ ಬಲಮುರಿ ಎಷ್ಟು ದೂರ? ಅಲ್ಲಿ ಹರಿಯುವುದು ಕಾವೇರಿ.

ನೀವು ಕೇಳದ ಒಂದು ವಿಷಯ ನಾನೇ ಕೇಳುತ್ತೇನೆ. ಬಚ್ಚಲು ಒಲೆ ಹಚ್ಚಲು ಏನು ಹಾಕುತ್ತೀರಿ? ಮಳೆಗಾಲದಲ್ಲಿ ಸೌದೆ ಒದ್ದೆ, ಒಂದು ಕವರ್ ಹಾಕಿದರೆ ತಕ್ಷಣ ಹತ್ತಿಕೊಳ್ಳುತ್ತದೆ. ಕೊಡಗಿನ ಎಷ್ಟೋ ಮನೆಗಳಲ್ಲಿ ಒಣ ಕಸ ಗಾಡಿಗೆ ಸಿಗದೆ ಇರುವುದಕ್ಕೆ ಇದೇ ಕಾರಣ. ದಯವಿಟ್ಟು ನಿಲ್ಲಿಸಿ. ಅರ್ಧಂಬರ್ಧ ಉರಿಯುವ ಪ್ಲಾಸ್ಟಿಕ್‌ನ ಹೊಗೆ ವಿಷ. ಪೈಪಿನಲ್ಲಿ ಇರುವಂಥ ಪಿವಿಸಿ ಪ್ಲಾಸ್ಟಿಕ್ ಇದ್ದರಂತೂ ಡಯಾಕ್ಸಿನ್ ಅನ್ನುವ ವಿಷ ಹುಟ್ಟುತ್ತದೆ. ಆ ಹೊಗೆಯನ್ನು ಮೊದಲು ಕುಡಿಯುವವರು ಒಲೆ ಮುಂದೆ ಕುಳಿತವರು, ಅಂದರೆ ಮನೆಯ ಹೆಂಗಸರು, ಮುದುಕರು. ಆಮೇಲೆ ಅದೇ ಬೂದಿ ತರಕಾರಿ ಪಾತಿಗೆ ಹೋಗುತ್ತದೆ. ತೆರೆದ ಜಾಗದಲ್ಲಿ ಕಸ ಸುಡುವುದಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರ್‌ನಲ್ಲೇ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ಹೇಳಿದೆ. ದಂಡ ಹಾಗಿರಲಿ. ಒಣಗಿದ ತೆಂಗಿನ ಗರಿ, ತೆಂಗಿನ ನಾರು ಒಂದು ಡಬ್ಬದಲ್ಲಿ ಬೆಚ್ಚಗೆ ಇಟ್ಟುಕೊಳ್ಳಿ, ಒಲೆ ಅಷ್ಟೇ ಬೇಗ ಹತ್ತುತ್ತದೆ.

ಹೋಮ್‌ಸ್ಟೇಗೆ ಬರುವವರ ಕಸಕ್ಕೂ ನೀವೇ ಜವಾಬ್ದಾರರು. ಗುಡ್ಡಗಾಡು ಪ್ರದೇಶಕ್ಕೆ 2016ರ ನಿಯಮದಲ್ಲೇ ಬೇರೆ ಅಂಶಗಳು ಇದ್ದವು. ಪ್ರವಾಸಿಗರು ಬಾಟಲಿ, ಪ್ಯಾಕೆಟ್ ಬೀದಿಗೆ, ಕೆಳಗಿನ ಇಳಿಜಾರಿಗೆ ಎಸೆಯಬಾರದು. ಅದನ್ನು ಹೋಟೆಲ್, ಅತಿಥಿಗೃಹಗಳ ಮೂಲಕವೂ ಅವರಿಗೆ ತಿಳಿಸಬೇಕು. ಗುಡ್ಡದ ಮೇಲೆ ಕಸ ಸುರಿದು ತುಂಬುವುದನ್ನು (ಭೂಭರ್ತಿ) ತಪ್ಪಿಸಬೇಕು ಅಂತಲೂ ಅದರಲ್ಲಿತ್ತು. ಇದರ ಅರ್ಥ ಗೊತ್ತಾಗಬೇಕಾದರೆ ಊರಿನ ಕಸ ತಂದು ಸುರಿದ ಗುಡ್ಡ, ಮಡಿಕೇರಿಯ ಸ್ಟೋನ್ ಹಿಲ್‌ ಕಡೆ ಒಮ್ಮೆ ನೋಡಿ. ಹೊಸ ನಿಯಮ ಗುಡ್ಡಗಾಡಿನ ಊರುಗಳಿಗೆ ಪ್ರವಾಸಿಗರಿಂದ ಶುಲ್ಕ ಪಡೆಯುವ ಅಧಿಕಾರವನ್ನೂ ಕೊಟ್ಟಿದೆ. ಹೋಟೆಲ್‌ನವರು ಹಸಿ ಕಸವನ್ನು ತಮ್ಮಲ್ಲೇ ಗೊಬ್ಬರ ಮಾಡಬೇಕು ಅನ್ನುತ್ತದೆ. ನಿಮ್ಮ ಎರಡು ಕೋಣೆಗೆ ನೀವು ಮಾಡಬೇಕಾದದ್ದು ಇಷ್ಟೇ. ಪ್ರತಿ ಕೋಣೆಯಲ್ಲಿ ಎರಡು ಬುಟ್ಟಿ ಇಡಿ, ಯಾವುದಕ್ಕೆ ಏನು ಅಂತ ಕನ್ನಡ, ಇಂಗ್ಲಿಷ್‌ನಲ್ಲಿ ಬರೆದು ಅಂಟಿಸಿ. ಸ್ನಾನದ ಕೋಣೆಯಲ್ಲಿ ಮುಚ್ಚಳದ ಒಂದು ಡಬ್ಬ ಇಡಿ. ಕುಡಿಯುವ ನೀರನ್ನು ಹೂಜಿಯಲ್ಲಿ ಕೊಡಿ, ಅರ್ಧ ಬಾಟಲಿಗಳು ಅಲ್ಲೇ ತಪ್ಪುತ್ತವೆ. ನೂರಕ್ಕಿಂತ ಜಾಸ್ತಿ ಜನ ಸೇರುವ ನಾಮಕರಣವೋ ಗೃಹಪ್ರವೇಶವೋ ಮನೆಯಲ್ಲೇ ಮಾಡಿದರೆ ಕನಿಷ್ಠ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು. ಇದೂ 2016ರ ನಿಯಮದಲ್ಲಿ ಬಂದದ್ದು.

ಕೊನೆಗೆ, ಚೀಲಗಳನ್ನು ಎಲ್ಲಿ ಇಡುವುದು? ಗೇಟಿನ ಒಳಗೆ, ನಾಲ್ಕು ಹೆಜ್ಜೆ ಈಚೆ ಒಂದು ಸಣ್ಣ ಕಟ್ಟೆ ಮಾಡಿಸಿ. ನೆಲದಿಂದ ಎರಡು ಅಡಿ ಎತ್ತರ, ಮೇಲೆ ಎರಡು ಶೀಟು, ಮುಂದೆ ಜಾಲರಿ ಬಾಗಿಲು, ಅದಕ್ಕೆ ಒಂದು ಚಿಲಕ. ಮಂಗ ಸುಮ್ನೆ ಇರುವ ಕೊಂಡಿಯನ್ನು ತೆಗೆಯುತ್ತದೆ. ಹಳೇ ಸೈಕಲ್ ಟ್ಯೂಬ್ ತುಂಡು ಬಿಗಿಯಾಗಿ ಸುತ್ತಿದರೆ ಅದಕ್ಕೆ ಕಷ್ಟ. ಒಣ ಕಸದ ಗೋಣಿ, ಬಾಟಲಿ ಗೋಣಿ, ಗಾಜಿನ ಪೆಟ್ಟಿಗೆ ಅಲ್ಲಿ ಇರಲಿ. ಸ್ಯಾನಿಟರಿ ಡಬ್ಬ ಮನೆಯಲ್ಲೇ ಇದ್ದು ಗಾಡಿಯ ದಿನ ಬೆಳಿಗ್ಗೆ ಬರಲಿ. ರಾತ್ರಿಯೇ ತಂದು ಇಡಬೇಡಿ.

ಪಕ್ಕದ ತೋಟದವರಿಗೂ ರಸ್ತೆ ಅಷ್ಟೇ ದೂರ ಇರಬೇಕು ಅಲ್ವಾ? ನೀವೇ ಒಂದು ಸಂಜೆ ಅವರ ಮನೆಗೆ ಹೋಗಿ ಬನ್ನಿ. ಹೊರಗೆ ಇಟ್ಟದ್ದು ತಪ್ಪಾಯಿತು, ಬಕೆಟ್ ತೆಗೆದೆವು ಅಂತ ಮೊದಲು ಹೇಳಿ. ಆಮೇಲೆ ಕಟ್ಟೆಯ ವಿಷಯ ಎತ್ತಿ. ಎರಡೂ ಮನೆಗೆ ಒಂದೇ ಕಟ್ಟೆ ಸಾಕಾಗುತ್ತದೆ, ಖರ್ಚೂ ಅರ್ಧ. ಗಾಡಿ ಬರುವ ದಿನ ಯಾರು ಮನೆಯಲ್ಲಿ ಇರುತ್ತಾರೋ ಅವರು ಇಬ್ಬರ ಚೀಲಗಳನ್ನೂ ಕೈಗೆ ಕೊಡಲಿ.